ರೆಕ್ಸಿನ್ ಕೀಳುವ ಮುನ್ನ

ಹಳೆಯ ಪೋರ್ಟಬಲ್ ಗ್ರಾಮಫೋನನ್ನು ‘ಪೂರ್ತಿ ರೆಡಿ ಮಾಡಿಸಿದ್ದೇನೆ, ನೋಡಿ’ ಎಂದು ಯಾರಾದರೂ ಹೆಮ್ಮೆಯಿಂದ ತೋರಿಸಿದರೆ ನಾನು ಮೊದಲು ನೋಡುವುದು ಪೆಟ್ಟಿಗೆಯ ಮೂಲೆಗಳನ್ನು, ಆಮೇಲೆ ಮುಚ್ಚಳದ ಒಳಮೈಯನ್ನು. ಹಾಡು ಕೇಳುವುದು ಅದಾದ ಮೇಲೆ. ಒಳಗಿನ ಸ್ಪ್ರಿಂಗು ತುಂಡಾಗಿದ್ದರೆ ಇನ್ನೊಂದು ಹಾಕಬಹುದು. ಗಟ್ಟಿಯಾದ ಗ್ರೀಸನ್ನು ತೊಳೆದು ಹೊಸದು ತುಂಬಬಹುದು. ಸೌಂಡ್‌ಬಾಕ್ಸಿನ ರಬ್ಬರ್ ಕಲ್ಲಾಗಿದ್ದರೆ ಅದನ್ನೂ ಬದಲಿಸಬಹುದು. ಇವೆಲ್ಲ ಸವೆಯುತ್ತವೆಂದು ತಿಳಿದೇ ಮಾಡಿದ ಭಾಗಗಳು. ಪೆಟ್ಟಿಗೆಯ ಹೊದಿಕೆ ಹಾಗಲ್ಲ. ಒಮ್ಮೆ ಕಿತ್ತು ಎಸೆದರೆ ಅದು ಮತ್ತೆ ಸಿಗುವುದಿಲ್ಲ. ಆದರೆ ನಮ್ಮಲ್ಲಿ ‘ರೆಸ್ಟೊರೇಶನ್’ ಎಂಬ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಮೊದಲು ಕಸದ ಬುಟ್ಟಿ ಸೇರುವುದೇ ಈ ಹೊದಿಕೆ.

ಮಾತಿಗೊಂದು ಆಧಾರ ಬೇಕಾದ್ದರಿಂದ ಎಚ್‌ಎಂವಿ 102 ಮಾದರಿಯನ್ನೇ ಮುಂದಿಟ್ಟುಕೊಳ್ಳುತ್ತೇನೆ. ಇಂಗ್ಲೆಂಡಿನ ಗ್ರಾಮಫೋನ್ ಕಂಪನಿ 1925ರಲ್ಲಿ ತಂದ 101ರ ತಮ್ಮ ಇದು. 1931ರಲ್ಲಿ ಪೇಟೆಗೆ ಬಂದು 50ರ ದಶಕದ ಕೊನೆಯವರೆಗೂ ತಯಾರಾಗುತ್ತಲೇ ಇತ್ತು. ಹೆಚ್ಚಿನವು ಕಪ್ಪು ಬಣ್ಣದವು. ನೀಲಿ, ಕೆಂಪು, ಹಸಿರು ಬಣ್ಣದವೂ ಬಂದವು, ಇವತ್ತು ಅವಕ್ಕೇ ಬೆಲೆ ಹೆಚ್ಚು. ಕರೆಂಟು ಬೇಡ, ಕೀ ಕೊಟ್ಟರೆ ಸಾಕು. ಮುಚ್ಚಿ ಹಿಡಿ ಹಿಡಿದರೆ ಸೂಟ್‌ಕೇಸಿನಂತೆ ಎತ್ತಿಕೊಂಡು ಹೊರಡಬಹುದು. ವಿದ್ಯುತ್ ಕಾಣದ ಊರುಗಳೇ ಹೆಚ್ಚಾಗಿದ್ದ ಕಾಲದಲ್ಲಿ ಇಂಥ ಯಂತ್ರ ನಮ್ಮ ದೇಶದ ಮೂಲೆಮೂಲೆಗೂ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಮೇಲೆ ಸುತ್ತುವ 78ರ ವೇಗದ ಪ್ಲೇಟುಗಳು ಭಾರತದಲ್ಲಿ 60ರ ದಶಕದಲ್ಲೂ ಅಚ್ಚಾಗುತ್ತಿದ್ದವು. ಹಾಗಾಗಿ ಪಾಶ್ಚಾತ್ಯರ ಮನೆಗಳಲ್ಲಿ ಈ ಪೆಟ್ಟಿಗೆಗಳು ಅಟ್ಟ ಸೇರಿದ ಮೇಲೂ ಇಲ್ಲಿ ದುಡಿಯುತ್ತಲೇ ಇದ್ದವು. ನಮಗೆ ಸಿಗುವ 102ರ ಮೈಮೇಲೆ ಗೀರು ಹೆಚ್ಚು. ಅದಕ್ಕೆ ಕಾರಣ ಬರೀ ಅಲಕ್ಷ್ಯವಲ್ಲ, ದೀರ್ಘವಾದ ಬಳಕೆಯೂ ಹೌದು.

ಪೆಟ್ಟಿಗೆಯನ್ನು ಬರೀ ಹೊರಗವಸು ಎಂದುಕೊಂಡಲ್ಲೇ ತಪ್ಪು ಹೆಜ್ಜೆ ಶುರು. ದೊಡ್ಡ ಗ್ರಾಮಫೋನುಗಳಲ್ಲಿ ಕಹಳೆ ಕಣ್ಣಿಗೆ ಕಾಣುತ್ತದೆ. ಪೋರ್ಟಬಲ್ಲಿನಲ್ಲಿ ಅದನ್ನು ಮಡಿಸಿ ಮೋಟಾರಿನ ಪಕ್ಕದಲ್ಲೇ ಪೆಟ್ಟಿಗೆಯೊಳಗೆ ಅಡಗಿಸಿದ್ದಾರೆ. ಹಿಂಬದಿಯಿಂದ ಹೊರಬೀಳುವ ದನಿ ತೆರೆದ ಮುಚ್ಚಳಕ್ಕೆ ತಾಗಿ ಕೇಳುವವರ ಕಡೆಗೆ ತಿರುಗುತ್ತದೆ. ಅಂದರೆ ಮುಚ್ಚಳ ಬಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಮೋಟಾರು ಹಲಗೆ ಅಂಚಿಗೆ ಸರಿಯಾಗಿ ಕೂರದೆ ಗಡಗಡ ಎನ್ನುತ್ತಿದ್ದರೆ ಹಾಡೂ ಕೆಡುತ್ತದೆ. ಪೆಟ್ಟಿಗೆಯೂ ವಾದ್ಯದ ಒಂದು ಅಂಗ. ಈ ಉಪಾಯ ಎಚ್‌ಎಂವಿಯದೇನಲ್ಲ. ಲಂಡನ್ನಿನ ಬಾರ್ನೆಟ್ ಸ್ಯಾಮ್ಯುಯೆಲ್ ಕಂಪನಿ 1914ರಲ್ಲಿ ತಂದ ಡೆಕ್ಕಾ ಪೋರ್ಟಬಲ್ಲಿನಲ್ಲೂ ಮುಚ್ಚಳವೇ ದನಿಯನ್ನು ಮರಳಿಸುತ್ತಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಿಪಾಯಿಗಳ ಜೊತೆಗಿದ್ದದ್ದು ಅದೇ. ಹೊತ್ತು ತಿರುಗುವುದಕ್ಕೆಂದೇ ಹುಟ್ಟಿದ ಯಂತ್ರ ಇದು. ಮೂಲೆ ಸವೆಯದ, ಹಿಡಿ ನುಣುಪಾಗದ ಪೋರ್ಟಬಲ್ ಕಂಡರೆ ನನಗೆ ಅನುಮಾನವೇ ಬರುತ್ತದೆ.

ಈಗ ಆ ಹೊದಿಕೆಯ ವಿಷಯ. ನಾವೆಲ್ಲ ಇದನ್ನು ರೆಕ್ಸಿನ್ ಎನ್ನುತ್ತೇವೆ. ಅದು ಮೊದಲಿಗೆ ಮ್ಯಾಂಚೆಸ್ಟರ್ ಪಕ್ಕದ ಹೈಡ್ ಎಂಬಲ್ಲಿನ ಕಂಪನಿಯೊಂದರ ಮಾಲಿನ ಹೆಸರು. ಆ ಕಾಲದ ಇಂಥ ಹೊದಿಕೆ ಚರ್ಮವಲ್ಲ. ಹತ್ತಿ ಬಟ್ಟೆಗೆ ನೈಟ್ರೋಸೆಲ್ಯುಲೋಸಿನ ಲೇಪ ಕೊಟ್ಟು, ಒತ್ತುಯಂತ್ರದಲ್ಲಿ ಚರ್ಮದ ನಿರಿಗೆ ಮೂಡಿಸಿದ ನಕಲಿ. ಇವತ್ತು ಅಂಗಡಿಯಲ್ಲಿ ಸಿಗುವ ರೆಕ್ಸಿನ್ ಪಿವಿಸಿ ಲೇಪದ್ದು. ಅದರ ದಪ್ಪ ಬೇರೆ, ಹೊಳಪು ಬೇರೆ, ಮಡಿಸಿದಾಗ ಮೂಲೆ ಕೂರುವ ಬಗೆಯೂ ಬೇರೆ. ಹಳೆಯದನ್ನು ಕಿತ್ತು ಹೊಸದು ಅಂಟಿಸಿದ 102 ಹತ್ತಡಿ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋದರೆ ಬಸ್ಸಿನ ಸೀಟಿನ ವಾಸನೆ. ಮೂಲ ಕೆಲಸದಲ್ಲಿ ಮೂಲೆಗೆ ತಿರುಗುವ ಬಟ್ಟೆಯನ್ನು ಕತ್ತರಿಸಿ ಒಂದರ ಕೆಳಗೊಂದು ಸೇರಿಸಿದ ಗೆರೆ ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ. ದಪ್ಪ ಪಿವಿಸಿಯಲ್ಲಿ ಅದು ಬೆರಳಿಗೆ ತಡೆಯುವ ದಿಣ್ಣೆಯಾಗುತ್ತದೆ. ಆ ದಿಣ್ಣೆಯಿಂದಲೇ ಎಷ್ಟೋ ಪೆಟ್ಟಿಗೆಗಳ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ, ಚಿಲಕ ಹಾಕಲು ಅಂಗೈ ಹಾಕಿ ಒತ್ತಬೇಕಾಗುತ್ತದೆ. ಯಂತ್ರದ ಮೂಲ ಗುಣವನ್ನೇ ಕೆಡಿಸಿದ ಮೇಲೆ ಅದು ಎಷ್ಟು ಹೊಳೆದರೇನು?

ನೈಟ್ರೋಸೆಲ್ಯುಲೋಸ್ ಎಂದು ಗೊತ್ತಾದರೆ ಏನು ಮಾಡಬಾರದು ಎಂಬುದೂ ಗೊತ್ತಾದಂತೆ. ಥಿನ್ನರ್, ಅಸಿಟೋನ್, ಉಗುರು ಬಣ್ಣ ತೆಗೆಯುವ ದ್ರವ ಇವೆಲ್ಲ ಅದನ್ನು ಕರಗಿಸುತ್ತವೆ. ಸ್ಪಿರಿಟ್ಟನ್ನೂ ದೂರವಿಡುವುದು ಕ್ಷೇಮ. ಪೇಂಟಿನ ಹನಿ ಬಿದ್ದಿದೆಯೆಂದು ಥಿನ್ನರ್ ಬಟ್ಟೆಯಲ್ಲಿ ಉಜ್ಜಿದರೆ ಹನಿಯ ಜೊತೆ ನಿರಿಗೆಯೂ ಬಣ್ಣವೂ ಎದ್ದು ಬಂದು ಒಳಗಿನ ನೂಲು ಕಾಣಿಸುತ್ತದೆ. ಇನ್ನು ನಮ್ಮ ಮನೆಗಳ ಸರ್ವರೋಗಕ್ಕೂ ಮದ್ದಾದ ಕೊಬ್ಬರಿ ಎಣ್ಣೆ. ಚರ್ಮವಾದರೆ ಎಣ್ಣೆ ಕುಡಿಯುತ್ತದೆ. ಇದು ಚರ್ಮವಲ್ಲವಲ್ಲ, ಎಣ್ಣೆ ಮೇಲೆಯೇ ನಿಂತು ಧೂಳು ಹಿಡಿದು ಜಿಗುಟಾಗುತ್ತದೆ. ಲೇಪ ಬಿರಿದಿದ್ದರೆ ಆ ಬಿರುಕಿನಿಂದ ಬಟ್ಟೆಗೆ ಇಳಿದು ಕಲೆಯಾಗುತ್ತದೆ, ಅಂಟು ಹಿಡಿಯದಂತೆಯೂ ಮಾಡುತ್ತದೆ. ಬೂಟ್ ಪಾಲಿಶಿನ ಬಗ್ಗೆ ಸಂಗ್ರಾಹಕರಲ್ಲೇ ಎರಡು ಮಾತಿದೆ. ಗೀರು ಮುಚ್ಚಲು ಸುಲಭ, ಕಪ್ಪು ಪೆಟ್ಟಿಗೆ ಕ್ಷಣದಲ್ಲಿ ಹೊಸದಾಗಿ ಕಾಣುತ್ತದೆ ಎನ್ನುವವರು ಬಹಳ. ನನ್ನ ಮತ ಅದರ ವಿರುದ್ಧ. ಪಾಲಿಶ್ ನಿರಿಗೆಗಳ ಸಂದಿಯಲ್ಲಿ ತುಂಬಿಕೊಂಡು ಚರ್ಮದಂಥ ಕುಸುರಿಯನ್ನು ಬೋಳಾಗಿಸುತ್ತದೆ, ಹೊತ್ತವರ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಮುಂದೆ ಯಾರಾದರೂ ಅಂಚು ಅಂಟಿಸಲು ಹೋದರೆ ಆ ಮೇಣವೇ ಅಡ್ಡಿ. ಬಣ್ಣ ಹೋದ ಒಂದು ಗೀರಿಗೆ ಸಣ್ಣ ಕುಂಚದಲ್ಲಿ ಚೂರು ಬಣ್ಣ ಕೊಟ್ಟರೆ ಒಪ್ಪಬಹುದು. ಇಡೀ ಪೆಟ್ಟಿಗೆಗೆ ಮಸಿ ಬಳಿಯುವುದನ್ನು ಒಪ್ಪಲಾರೆ.

ಹಾಗಾದರೆ ತೊಳೆಯುವುದು ಹೇಗೆ? ಮೊದಲು ಮೆತ್ತನೆಯ ಒಣ ಬ್ರಶ್ಶು. ಆಮೇಲೆ ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಹಿಂಡಿ, ಇನ್ನೂ ಹಿಂಡಿ, ತೇವ ಇದೆಯೋ ಇಲ್ಲವೋ ಎನ್ನುವಷ್ಟಾದ ಹತ್ತಿ ಬಟ್ಟೆ. ಪೆಟ್ಟಿಗೆಯ ತಳದಲ್ಲಿ ಕಾಣದ ಜಾಗದಲ್ಲಿ ಒಮ್ಮೆ ಪರೀಕ್ಷೆ ಮಾಡಿ, ಬಣ್ಣ ಬಿಡುವುದಿಲ್ಲವೆಂದು ತಿಳಿದ ಮೇಲೆ ಮುಂದಕ್ಕೆ. ಹರಿದ ಅಂಚಿನ ಹತ್ತಿರ ನೀರು ತಗುಲಬಾರದು, ಅದು ನೇರ ಮರಕ್ಕೆ ಇಳಿಯುತ್ತದೆ. ಹಟ ಹಿಡಿದ ಕೊಳೆಗೆ ವಸ್ತುಸಂಗ್ರಹಾಲಯಗಳ ಸಂರಕ್ಷಕರು ಹತ್ತಿ ಸುತ್ತಿದ ಕಡ್ಡಿಯಲ್ಲಿ ತಮ್ಮ ಎಂಜಲನ್ನೇ ಬಳಸುವುದುಂಟು. ಎಂಜಲಿನ ಕಿಣ್ವಗಳು ಜಿಡ್ಡನ್ನು ಮೆಲ್ಲಗೆ ಬಿಡಿಸುತ್ತವೆ. ಮಡಿಯವರು ಮೂಗು ಮುರಿಯಬಹುದು, ಆದರೆ ಕೆಲಸ ಶುದ್ಧ. ಹೀಗೆ ಒರೆಸಿದ ಪೆಟ್ಟಿಗೆ ಹೊಸದಾಗಿ ಕಾಣುವುದಿಲ್ಲ, ಚೊಕ್ಕಟವಾದ ಹಳೆಯ ಪೆಟ್ಟಿಗೆಯಾಗಿ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಒಳ್ಳೆಯ ರಿಪೇರಿಯ ಮುಕ್ಕಾಲು ಪಾಲು ಇಲ್ಲೇ ಮುಗಿಯಿತು.

ಉಳಿದ ಕಾಲು ಪಾಲು ಅಂಟಿನದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ನಾಲ್ಕು ತಿಂಗಳ ಮಳೆಗೆ ಸಿಕ್ಕ ಪೆಟ್ಟಿಗೆಯನ್ನು ತೆರೆದು ನೋಡಿ. ಮುಚ್ಚಳದೊಳಗೆ ಬೂಷ್ಟು, ತಳದ ಅಂಚಿನಲ್ಲಿ ಹೊದಿಕೆ ಬಾಯ್ಬಿಟ್ಟಿರುತ್ತದೆ. ಆ ಕಾಲದಲ್ಲಿ ಇಂಥ ಕೆಲಸಕ್ಕೆ ಪ್ರಾಣಿಗಳ ತೊಗಲು, ಮೂಳೆ ಬೇಯಿಸಿ ತೆಗೆದ ಅಂಟೇ ಸಾಮಾನ್ಯ. ತೇವಕ್ಕೆ ಅದು ಮೆತ್ತಗಾಗುತ್ತದೆ, ಜಿರಲೆಗೂ ಬೆಳ್ಳಿಮೀನು ಹುಳಕ್ಕೂ ಊಟವಾಗುತ್ತದೆ. ಆದರೆ ಅದೇ ಗುಣದಿಂದ ರಿಪೇರಿಗೂ ಅನುಕೂಲ: ತುಸು ಬೆಚ್ಚಗಿನ ತೇವ ತಾಗಿಸಿದರೆ ಬಿಡುತ್ತದೆ, ಮತ್ತೆ ಅದನ್ನೇ ಹಚ್ಚಿ ಕೂರಿಸಬಹುದು. ಇವತ್ತಿನ ರೂಢಿಯೋ, ಎದ್ದ ಅಂಚಿಗೆ ಬಿಳಿ ಫೆವಿಕಾಲ್ ಸುರಿದು ಹಗ್ಗ ಕಟ್ಟಿ ಇಡುವುದು. ಅವಸರದವರು ಚಪ್ಪಲಿ ಹೊಲಿಯುವವರ ಹಳದಿ ಸಲ್ಯೂಷನ್ ಹಚ್ಚುತ್ತಾರೆ. ಎರಡೂ ಗಟ್ಟಿಯಾಗಿ ಹಿಡಿಯುತ್ತವೆ, ನಿಜ. ತೊಂದರೆಯೂ ಅದೇ. ಮುಂದಿನ ಸಲ ಮರ ಬಿರುಕುಬಿಟ್ಟು ಹೊದಿಕೆ ಎತ್ತಬೇಕಾದಾಗ ಬಟ್ಟೆ ಹರಿಯುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ಸಲ್ಯೂಷನ್ನಿನಲ್ಲಿರುವ ದ್ರಾವಕದಿಂದ ಮೇಲಿನ ಲೇಪಕ್ಕೂ ಅಪಾಯ.

ನಾನು ಕಂಡ ಒಳ್ಳೆಯ ಕೆಲಸವೊಂದು ಗ್ರಾಮಫೋನ್ ಮೆಕ್ಯಾನಿಕರದಲ್ಲ, ಪುಸ್ತಕ ಬೈಂಡಿಂಗ್ ಮಾಡುವವರೊಬ್ಬರದು. ಎದ್ದ ಹೊದಿಕೆಯ ಒಳಗೆ ತೆಳ್ಳಗೆ ಗಂಜಿಯಂಟು ಬಿಟ್ಟು, ಮೇಣದ ಕಾಗದವಿಟ್ಟು, ಮೇಲೆ ಹಲಗೆ ಹೇರಿ, ಒಂದು ಅಂಚು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದ್ದರು. ಹೊದಿಕೆ ಇಲ್ಲವೇ ಇಲ್ಲದ ಮೂಲೆಗೆ ತೆಳು ಬೈಂಡಿಂಗ್ ಬಟ್ಟೆಯನ್ನು ಕಪ್ಪಗೆ ಬಣ್ಣ ಹಾಕಿ ಕೂರಿಸಿದ್ದರು. ಹತ್ತಿರದಿಂದ ನೋಡಿದರೆ ತೇಪೆ ಎಂದು ಗೊತ್ತಾಗುತ್ತದೆ, ದೂರದಿಂದ ಕಣ್ಣಿಗೆ ಚುಚ್ಚುವುದಿಲ್ಲ. ಇಷ್ಟೇ ಸಾಕು. ನಮ್ಮ ಊರುಗಳಲ್ಲಿ ಈ ಕೆಲಸಕ್ಕೆ ಬೇಕಾದ ಕೈಗಳು ಬೈಂಡರುಗಳಲ್ಲಿವೆ. ಗ್ರಾಮಫೋನ್ ಇಟ್ಟುಕೊಂಡವರಿಗೆ ಅದು ಹೊಳೆದಿಲ್ಲ, ಅಷ್ಟೇ.

ಲೋಹದ ಭಾಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 20ರ ದಶಕದ ಪೆಟ್ಟಿಗೆಗಳಲ್ಲಿ ಚಿಲಕ, ಹಿಡಿಯ ಕೊಂಡಿ, ಟೋನ್‌ಆರ್ಮ್‌ಗಳಿಗೆ ನಿಕಲ್ ಲೇಪ. 30ರ ನಂತರದವುಗಳಲ್ಲಿ ಕ್ರೋಮಿಯಂ ಹೆಚ್ಚು. ನಿಕಲ್ ತೀರ ತೆಳ್ಳಗಿರುತ್ತದೆ, ಹಿತ್ತಾಳೆ ಪಾಲಿಶ್ ಹಚ್ಚಿ ತಿಕ್ಕಿದರೆ ಬೆಳ್ಳಿ ಬಣ್ಣ ಹೋಗಿ ಹಳದಿ ಹಿತ್ತಾಳೆ ಇಣುಕುತ್ತದೆ. ಅದನ್ನೇ ‘ಒರಿಜಿನಲ್ ಬ್ರಾಸ್’ ಎಂದು ಹೊಗಳಿ ಮಾರುವವರೂ ಇದ್ದಾರೆ. ಪಾಲಿಶಿನ ಬಿಳಿ ಪುಡಿ ರೆಕ್ಸಿನ್ ಸಂದಿಗೆ ಸೇರಿದರೆ ಮತ್ತೆ ತೆಗೆಯುವುದು ಕಷ್ಟ. ಕ್ರೋಮಿನ ಮೇಲಿನ ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ ನೀರಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದರೆ ಸಾಕು. ಹೊಸದಾಗಿ ಪ್ಲೇಟಿಂಗ್ ಮಾಡಿಸಿದಾಗ ಅದಕ್ಕೆ ಮುಂಚಿನ ಬಫಿಂಗ್ ಚಕ್ರ ಅಂಚುಗಳನ್ನು ದುಂಡಗಾಗಿಸಿ, ಒತ್ತಿದ ಅಕ್ಷರಗಳನ್ನು ಅಳಿಸಿಬಿಡುತ್ತದೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಭಾಗಗಳನ್ನಂತೂ ಬಲವಂತವಾಗಿ ತಿರುಗಿಸಲೇಬಾರದು. ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಅವು ಒಳಗಿಂದಲೇ ಉಬ್ಬಿ ಬಿರಿದಿರುತ್ತವೆ, ಬಿಸ್ಕತ್ತಿನಂತೆ ಮುರಿಯುತ್ತವೆ.

ನನ್ನ ನಿಜವಾದ ಜಗಳ ಇರುವುದು ಎಚ್‌ಎಂವಿಯ ಗುರುತಾದ ನಾಯಿಯ ಚಿತ್ರದ ಬಗ್ಗೆ. ಮುಚ್ಚಳದೊಳಗಿನ ಆ ಚಿನ್ನದ ಬಣ್ಣದ ಮುದ್ರೆ ಮಾಸಿದ್ದರೆ, ಹೊಸದನ್ನು ಅಂಟಿಸುವುದು ರೆಸ್ಟೊರೇಶನ್ನಿನ ಮುಕುಟ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದರ ನಕಲುಗಳೂ ಧಾರಾಳವಾಗಿ ಸಿಗುತ್ತವೆ. ಹಳೆ ಕಟ್ಟಡಗಳ ಸಂರಕ್ಷಣೆಗೆಂದು 1964ರಲ್ಲಿ ವೆನಿಸ್ಸಿನಲ್ಲಿ ಒಪ್ಪಿದ ಸನ್ನದು, ಊಹೆ ಶುರುವಾಗುವ ಹಂತದಲ್ಲಿ ಜೀರ್ಣೋದ್ಧಾರದ ಕೈ ನಿಲ್ಲಬೇಕೆಂದು ವಿಧಿಸುತ್ತದೆ. ಪೆಟ್ಟಿಗೆಗೂ ಆ ನಿಯಮ ಸಲ್ಲುತ್ತದೆ. ಯಾವ ವರ್ಷದ ಪೆಟ್ಟಿಗೆಗೆ ಯಾವ ಅಳತೆಯ ಮುದ್ರೆ, ಎಲ್ಲಿ, ಯಾವ ಛಾಯೆಯಲ್ಲಿ ಎಂದು ಗೊತ್ತಿಲ್ಲದೆ ಅಂಟಿಸಿದ ನಾಯಿ ಊಹೆಯ ನಾಯಿ. ತಮಾಷೆಯೆಂದರೆ, ಫ್ರಾನ್ಸಿಸ್ ಬರಾಡ್ ಬರೆದ ಆ ಮೂಲ ಚಿತ್ರವೇ ತಿದ್ದಿದ ಚಿತ್ರ. ಮೊದಲು ನಿಪ್ಪರ್ ಎಂಬ ಆ ನಾಯಿ ಕಿವಿಗೊಟ್ಟು ಕೂತದ್ದು ಎಡಿಸನ್‌ನ ಸಿಲಿಂಡರ್ ಫೋನೋಗ್ರಾಫಿನ ಮುಂದೆ. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರ ಕೊಳ್ಳಲು ಮುಂದಾದಾಗ ಬರಾಡ್ ಅದರ ಮೇಲೆ ಕಂಪನಿಯ ಗ್ರಾಮಫೋನ್ ಬರೆದುಕೊಟ್ಟ. ಆದರೆ ಅದು ಚಿತ್ರ ಬರೆದವನೇ ಮಾಡಿದ ತಿದ್ದುಪಡಿ, ದಾಖಲೆಯಲ್ಲಿರುವ ತಿದ್ದುಪಡಿ. ನಾಳೆ ಕೊಳ್ಳುವವನಿಗೆ ಹೇಳದೆ ಅಂಟಿಸಿದ ಮುದ್ರೆಗೆ ಅಂಥ ಸಮರ್ಥನೆ ಇಲ್ಲ.

ಇದಕ್ಕಿಂತ ಬೇಸರದ ಸಂಗತಿ, ಹೊಸ ನಾಯಿಗೆ ಜಾಗ ಮಾಡಲು ಹಳೆಯ ಗುರುತುಗಳನ್ನು ಕೆರೆದು ಹಾಕುವುದು. ಈ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಮಾರಿದ ಅಂಗಡಿಯ ಸಣ್ಣ ಹೆಸರುಫಲಕ ಇರುತ್ತದೆ. ಯಾವ ಊರಿನಲ್ಲಿ ಯಾರು ಗ್ರಾಮಫೋನ್ ಮಾರುತ್ತಿದ್ದರು ಎಂಬುದಕ್ಕೆ ಬೇರೆ ದಾಖಲೆ ಸಿಗುವುದು ಅಪರೂಪ. ನಾನು ನೋಡಿದ ಒಂದು ಮುಚ್ಚಳದೊಳಗೆ ಯಾರೋ ಪೆನ್ಸಿಲಿನಲ್ಲಿ ಮನೆಯಲ್ಲಿದ್ದ ನಾಟಕದ ಪ್ಲೇಟುಗಳ ಪಟ್ಟಿ ಬರೆದಿದ್ದರು. ‘ಕ್ಲೀನಿಂಗ್’ ಮಾಡಿಸಿದ ಮೇಲೆ ಆ ಪಟ್ಟಿ ಇರಲಿಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್‌ಎಂವಿ ಪ್ಲೇಟುಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. ಅವು 102ರ ಓರಗೆಯ ಪ್ಲೇಟುಗಳು, ಇಂಥ ಪಟ್ಟಿಗಳಲ್ಲಿ ಇದ್ದಿರಬಹುದಾದವು. ಒಂದು ಸಾಧಾರಣ ಮನೆಯಲ್ಲಿ ಯಾವ ಪ್ಲೇಟಿತ್ತು, ಯಾರ ಹಾಡಿಗೆ ಕೀ ಕೊಡುತ್ತಿದ್ದರು ಎಂಬುದನ್ನು ತಿಳಿಯಲು ಅಂಥ ಪೆನ್ಸಿಲ್ ಬರಹಕ್ಕಿಂತ ಹತ್ತಿರದ ಸಾಕ್ಷಿ ಎಲ್ಲಿದೆ? ಅದನ್ನು ಒರೆಸುವುದು ಹಳೆಯ ದೇವಾಲಯದ ಕಲ್ಲುಕಂಬಕ್ಕೆ ಎನಾಮೆಲ್ ಪೇಂಟು ಬಳಿದು ಕೈಮುಗಿದಂತೆ.

ಮರದ ಮೈ ಇರುವ ಹಳೆಯ ಯಂತ್ರಗಳ, ಮುಖ್ಯವಾಗಿ ಎಡಿಸನ್‌ನ ಓಕ್ ಪೆಟ್ಟಿಗೆಯ ಫೋನೋಗ್ರಾಫುಗಳ, ಕತೆ ತುಸು ಬೇರೆ. ಅವುಗಳ ಹೊಳಪು ಬಹುಮಟ್ಟಿಗೆ ಅರಗಿನದು. ಭಾರತದ ಕಾಡುಗಳಿಂದ ಹೋದ ಅರಗೇ ಆ ಮರದ ಪಾಲಿಶಿಗೂ 78ರ ಪ್ಲೇಟುಗಳಿಗೂ ಒದಗಿತು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಹಾಗಾಗಿ ಬಿರಿದ ಪಾಲಿಶನ್ನು ಅನುಭವಿ ಕೈ ಸ್ಪಿರಿಟ್ ತಾಗಿಸಿ ಮತ್ತೆ ಸೇರಿಸಬಲ್ಲದು, ಮರಳು ಕಾಗದ ಹಾಕಿ ಉಜ್ಜಬೇಕಿಲ್ಲ. ಆದರೆ ಅದೇ ಸ್ಪಿರಿಟ್ ಬಟ್ಟೆಯಲ್ಲಿ ಪ್ಲೇಟನ್ನು ಒರೆಸಿದರೆ ಹಾಡು ಹೋಯಿತೆಂದೇ ಲೆಕ್ಕ. ಅಂಥ ಮರಕ್ಕೆ ಪಿಯು ಪಾಲಿಶ್ ಹೊಡೆಸುವುದು ಮಾತ್ರ ನಮ್ಮ ಪೀಠೋಪಕರಣದ ಅಂಗಡಿಗಳ ಹುಚ್ಚು. ಗಾಜು ಹೊದಿಸಿದಂಥ ಆ ಹೊಳಪು ಒಮ್ಮೆ ಕೂತರೆ ಕೆರೆಯದೆ ಬಿಡುವುದಿಲ್ಲ.

ಈ ಎಲ್ಲ ತಪ್ಪುಗಳೂ ಇನ್ನೊಂದರ ಮುಂದೆ ಸಣ್ಣವು. ದೊಡ್ಡ ನಗರಗಳ ಹಳೇ ಸಾಮಾನಿನ ಬಜಾರುಗಳಲ್ಲಿ, ಪ್ರವಾಸಿಗರ ಅಂಗಡಿಗಳಲ್ಲಿ ಹೊಚ್ಚ ಹೊಸ ಹಿತ್ತಾಳೆ ಕಹಳೆ, ಹೊಚ್ಚ ಹೊಸ ಮರದ ಡಬ್ಬ, ಅದರ ಮೇಲೊಂದು ನಾಯಿಯ ಬಿಲ್ಲೆ ಇರುವ ‘ಆಂಟಿಕ್’ ಗ್ರಾಮಫೋನುಗಳನ್ನು ನೋಡಿರುತ್ತೀರಿ. ಅವುಗಳ ಹೊಟ್ಟೆಯಲ್ಲಿರುವ ಮೋಟಾರು ಅನೇಕ ಸಲ ಹಳೆಯ ಪೋರ್ಟಬಲ್ಲೊಂದರಿಂದ ಕಿತ್ತದ್ದು. ಅಂದರೆ ಒಂದು ಸುಳ್ಳು ಗ್ರಾಮಫೋನ್ ಹುಟ್ಟಲು ಒಂದು ನಿಜವಾದ ಪೋರ್ಟಬಲ್ ಸಾಯಬೇಕು. ರೆಕ್ಸಿನ್ ಪೆಟ್ಟಿಗೆ ಗುಜರಿಗೆ ಹೋಗುತ್ತದೆ. ಕಪ್ಪು ಪೆಟ್ಟಿಗೆ ಮೇಜಿನ ಮೇಲೆ ಶೋಭೆ ಕೊಡುವುದಿಲ್ಲ, ಕಹಳೆ ಕೊಡುತ್ತದೆ ಎಂಬ ಗಿರಾಕಿಯ ಅಭಿರುಚಿಯೇ ಇದಕ್ಕೆ ಕಾರಣ. ವ್ಯಾಪಾರಿಯೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಹೋಟೆಲಿನ ಲಾಬಿಯಲ್ಲಿ, ಮದುವೆ ಮಂಟಪದ ಅಲಂಕಾರದಲ್ಲಿ ಅದನ್ನು ಇಟ್ಟು ಸೆಲ್ಫಿ ತೆಗೆದುಕೊಳ್ಳುವ ನಾವೂ ಪಾಲುದಾರರು.

ಹಾಗೆಂದು ಏನನ್ನೂ ಮುಟ್ಟಬಾರದೆನ್ನುವ ಶುದ್ಧಾಚಾರವೂ ನನಗೆ ಒಪ್ಪಿಗೆಯಿಲ್ಲ. ಹಿಡಿ ಕಿತ್ತ ಪೋರ್ಟಬಲ್ ಪೋರ್ಟಬಲ್ ಅಲ್ಲ. ಹಿಡಿಯ ಮೇಲ್ಹೊದಿಕೆ ಹರಿದಿದ್ದರೆ ಹೊಸದಾಗಿ ಹೊಲಿಸಿ, ಹಳೆಯ ಚೂರನ್ನು ಲಕೋಟೆಯಲ್ಲಿಟ್ಟು ಪೆಟ್ಟಿಗೆಯೊಳಗೇ ಇಡಿ. ಮುಚ್ಚಳದ ಕೀಲು ಸಡಿಲವಾಗಿದ್ದರೆ ಮೊಳೆಯ ತೂತಿಗೆ ಮರದ ಸೀಳು ತುಂಬಿ ಬಿಗಿ ಮಾಡಲೇಬೇಕು, ಇಲ್ಲದಿದ್ದರೆ ಒಂದು ದಿನ ಮುಚ್ಚಳ ಟೋನ್‌ಆರ್ಮಿನ ಮೇಲೆಯೇ ಬೀಳುತ್ತದೆ. ಗೆದ್ದಲು ತಿಂದ ತಳದ ಹಲಗೆಯನ್ನು ಹಳತು ಎಂಬ ಗೌರವದಿಂದ ಉಳಿಸಿಕೊಳ್ಳುವುದು ಮೂರ್ಖತನ. ಹೊದಿಕೆ ಮುಕ್ಕಾಲುಪಾಲು ಪುಡಿಯಾಗಿ ಉದುರಿದ್ದರೆ ಹೊಸದು ಹಾಕುವುದೂ ತಪ್ಪಲ್ಲ. ಆದರೆ ಪಿವಿಸಿ ಬೇಡ, ತೆಳುವಾದ ಬೈಂಡಿಂಗ್ ಬಟ್ಟೆಯಾಗಲಿ, ಬಣ್ಣ ಮೂಲದ್ದಾಗಲಿ. ಮೂಲ ಬಣ್ಣ ಯಾವುದೆಂದು ತಿಳಿಯಲು ಚಿಲಕದ ತಗಡನ್ನೋ ಹಿಡಿಯ ಕೊಂಡಿಯನ್ನೋ ಬಿಚ್ಚಿ ನೋಡಿದರೆ ಸಾಕು, ಬೆಳಕು ಕಾಣದ ಆ ಜಾಗದಲ್ಲಿ ಅದು ಹಾಗೇ ಉಳಿದಿರುತ್ತದೆ. ಕಪ್ಪು ಪೆಟ್ಟಿಗೆಯನ್ನು ಬೆಲೆಗಾಗಿ ಕೆಂಪು ಮಾಡುವುದು ರಿಪೇರಿಯಲ್ಲ, ಮೋಸ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಇದ್ದೀತು. ಇದ್ದರೆ ಬೆಳಕಿಗೆ ತಂದು ಒಣ ಬ್ರಶ್ಶಿನಲ್ಲಿ ಧೂಳು ಕೊಡವಿ, ಹೊರಗೂ ಒಳಗೂ ಫೋಟೋ ತೆಗೆದಿಟ್ಟುಕೊಳ್ಳಿ. ಕೀ ಕೊಟ್ಟು ನೋಡುವ ಆಸೆಯನ್ನು ಗ್ರೀಸು ಬದಲಿಸುವವರೆಗೆ ತಡೆಯಿರಿ. ಸ್ಪ್ರಿಂಗಿನ ಡಬ್ಬಿಯನ್ನು ನೀವೇ ಬಿಚ್ಚಬೇಡಿ, ಸಿಡಿದರೆ ಬೆರಳು ಹೋಗುತ್ತದೆ. ರಿಪೇರಿಗೆ ಕೊಡುವಾಗ ರೆಕ್ಸಿನ್ ಕೀಳಕೂಡದು, ಅಂಗಡಿಯ ಫಲಕ ತೆಗೆಯಕೂಡದು, ಬಿಚ್ಚಿದ ಪ್ರತಿ ತಿರುಪನ್ನೂ ವಾಪಸು ಕೊಡಬೇಕು ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಒಪ್ಪದವರ ಕೈಗೆ ಪೆಟ್ಟಿಗೆ ಕೊಡಬೇಡಿ.